ಮನೆ ರಿಪೇರಿ, ಭಾಗ 4: ಒಲೆ ಹಿಂದಿನ ಗೋಡೆ

ಮೊದಲನೇ ಫೋಟೋ ನೋಡಿ ಹೆದರಬೇಡಿ. ಅದು ಭಾಲ್ಕಿಯ ನಮ್ಮ ಅಡುಗೆಮನೆ, ಟೈಲ್ಸ್ ಹಚ್ಚೋ ಮುಂಚಿನದು. ಗ್ಯಾಸ್ ಒಲೆ ಹಿಂದೆ ಹಳದಿ-ಕಂದು ನಕ್ಷೆ ತರ ಕಾಣ್ತದಲ್ಲ, ಅದು ಪೇಂಟ್ ಅಲ್ಲ. ಹನ್ನೆರಡು ವರ್ಷದ ಒಗ್ಗರಣೆ.

ಕಳೆದ ಭಾಗದಲ್ಲಿ ಹೇಳಿದ್ದೆ, ಪೈಪ್ ಸೋರೋದು ಸರಿ ಮಾಡಕ್ಕೆ ಗೌಂಡಿ ಹೇಗೂ ಬರ್ತಾನೆ, ಜೊತೆಗೆ ಈ ಗೋಡೆಗೂ ಟೈಲ್ಸ್ ಹಚ್ಚಿಸೋಣ ಅಂತ ಅಪ್ಪ ಒಪ್ಪಿದರು ಅಂತ. ಒಪ್ಪಿದ ಮರುದಿನವೇ ಬೀದರಿಗೆ ಬಂದು 500 ರೂಪಾಯಿ ಅಡ್ವಾನ್ಸ್ ಕೊಟ್ಟು ಡಿಸೈನ್ ಕೂಡ ಆರಿಸಿಬಿಟ್ಟಿದ್ದರು. ನಿಮ್ಮ ಮನೇಲೂ ಇರಬಹುದು ಅದು: ಕ್ರೀಮ್ ಬಣ್ಣ, ಮಧ್ಯೆ ಮಧ್ಯೆ ಕಪ್ಪು-ಬಸಿ, ಕೆಟಲ್, ಸ್ಟ್ರಾಬೆರಿ. ನಮ್ಮ ಮನೇಲಿ ಯಾರೂ ಸ್ಟ್ರಾಬೆರಿ ತಿಂದಿಲ್ಲ. ನಾನು ಜಗಳ ತೆಗೆದೆ. ನನ್ನ ಫೋನಲ್ಲಿ ಸೇವ್ ಮಾಡಿದ್ದು ಬೇರೆ, 3×6 ಇಂಚಿನ ಬಿಳಿ ಸಣ್ಣ ಟೈಲ್ಸ್, ಇಟ್ಟಂಗಿ ಕಟ್ಟಿದ ಹಾಗೆ, ನಡುವೆ ಕರಿ ಗೆರೆ. ರೀಲ್ಸಲ್ಲಿ ನೋಡಿದವರಿಗೆ ಗೊತ್ತು, ಎಷ್ಟು ಕ್ಲಾಸ್ ಕಾಣ್ತದ ಅಂತ. ಅಪ್ಪ ಒಂದು ಕಡೆ, ನಾನು ಒಂದು ಕಡೆ. ಅವ್ವನ್ನ ಕೇಳಿದರೆ "ನಿಮಗ ಹ್ಯಾಂಗ ಬೇಕೋ ಹಂಗ ಮಾಡ್ರಿ" ಅಂದಳು. ಒಪ್ಪಿದಳು ಅಂತ ನಾವಿಬ್ಬರೂ ತಿಳ್ಕೊಂಡ್ವಿ.

ಅಷ್ಟರಲ್ಲಿ ಆಯಿಗೆ ಕಣ್ಣಿನ ಆಪರೇಶನ್ ಆಯ್ತು, ಅವ್ವ ಎಂಟು ದಿನ ಔರಾದಿಗೆ ಹೋದಳು. ಅಡುಗೆ ನನ್ನ ಪಾಲಿಗೆ ಬಂತು. ಬ್ಯಾಳಿ, ಅನ್ನ, ಒಂದಿನ ಧೈರ್ಯ ಮಾಡಿ ಮಿರ್ಚಿ ಭಜಿ. ರೊಟ್ಟಿ ಹೊರಗಿಂದ ತಂದೆ, ಸುಳ್ಳು ಯಾಕೆ ಹೇಳಲಿ. ಅಡುಗೆ ಹೇಗೋ ಆಗ್ತಿತ್ತು. ಕಷ್ಟ ಇದ್ದದ್ದು ಗೋಡೆ ಒರೆಸೋದರಲ್ಲಿ. ಸಾಸಿವೆ ಸಿಡೀತದ, ಎಣ್ಣೆ ಹಾರ್ತದ, ಅರಿಶಿನ ಅಂಟ್ತದ. ಬಿಸಿ ಇದ್ದಾಗ ಒರೆಸದೇ ರಾತ್ರಿ ಬಿಟ್ಟರೆ ಬೆಳಿಗ್ಗೆ ಗೋಂದಿನ ಹಾಗೆ ಅಂಟಿರ್ತದ. ಮೂರನೇ ದಿನ ನಾನು ಒರೆಸೋದೇ ಬಿಟ್ಟೆ. ಅವ್ವ ಇದನ್ನ ದಿನಾ ಎರಡು ಸಲ ಮಾಡ್ತಾಳೆ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ (ಬಿಕಾಂ ಇದಕ್ಕಾದರೂ ಬಂತು). ಗೋಡೆ 10 ಅಡಿ ಉದ್ದ, 3 ಅಡಿ ಎತ್ತರ, ಅಂದರೆ 30 ಚದರ ಅಡಿ. ನನ್ನ ಬಿಳಿ ಟೈಲ್ಸ್ ಚದರ ಅಡಿಗೆ 8 ಬೇಕು, ಒಟ್ಟು 240. ಅಂಗಡಿಯ ಸಾಮಾನ್ಯ 12×18 ಇಂಚಿನದಾದರೆ 20 ಸಾಕು. ಕೊಳೆ ಕೂರೋದು ಟೈಲ್ಸ್ ಮೇಲೆ ಅಲ್ಲ, ಸಂದಿನಲ್ಲಿ. 240 ಟೈಲ್ಸಿನ ಸಂದು ಯಾರು ಉಜ್ಜಬೇಕು? ನಾನಂತೂ ಅಲ್ಲ.

ಅಂಗಡಿಯಿಂದ ಚೂರುಗಳನ್ನ ಇಸ್ಕೊಂಡು ಬಂದೆ. ಎರಡನೇ ಫೋಟೋ ಅದೇ. ಎಲ್ಲದರ ಮೇಲೂ ಅರಿಶಿನ ಕಲಸಿದ ಎಣ್ಣೆ, ಪಕ್ಕದಲ್ಲಿ ನಿಂಬೆ ರಸ, ರಾತ್ರಿಯಿಡೀ. ಬೆಳಿಗ್ಗೆ ನೋಡಿದರೆ ಹೊಳಪಿನ ಟೈಲ್ಸ್ ಒಂದೇ ಒರೆತಕ್ಕೆ ಸ್ವಚ್ಛ. ಮ್ಯಾಟ್ ಬಿಳಿಯಲ್ಲಿ ಹಳದಿ ನೆರಳು ಉಳೀತು. ಶಹಾಬಾದ್ ಕಲ್ಲು ನಮ್ಮ ಕಡೆ ಎಲ್ಲರ ಮನೆ ನೆಲದಲ್ಲಿ ಇರೋದು, ಅಗ್ಗ ಕೂಡ, ಅದನ್ನೇ ಗೋಡೆಗೂ ಹಾಕಿದರೆ ಹೇಗೆ ಅಂತ ಆಸೆ ಇತ್ತು. ಅದು ಸುಣ್ಣದ ಕಲ್ಲು, ಹುಳಿ ಬಿದ್ದರೆ ತಿಂದುಹಾಕ್ತದ. ನಿಂಬೆ ಬಿದ್ದಲ್ಲಿ ಬಿಳಚಿಕೊಂಡು ಖರಖರ ಆಗಿತ್ತು. ಕರಿ ಗ್ರಾನೈಟ್‌ಗೆ ಏನೂ ಆಗಲಿಲ್ಲ, ಆದರೆ ರೇಟು ಮೂರು ಪಟ್ಟು.

ಅವ್ವ ಬಂದ ಮೇಲೆ ಈ ಚೂರುಗಳನ್ನ ತೋರಿಸಿ ಮತ್ತೆ ಕೇಳಿದೆ. ಗ್ರಾನೈಟ್ ಬೇಡ ಅಂದಳು ತಕ್ಷಣ. "ಕಟ್ಟಿ ಮ್ಯಾಲಿಂದು ನೋಡಿಲ್ಲೇನು? ಬೋರಿನ ನೀರು ಬಿದ್ದಲ್ಲೆಲ್ಲ ಬೆಳ್ಳಗ ಕಲಿ. ಮ್ಯಾಲ ಖೋಲಿನೂ ಕತ್ತಲಾಗ್ತದ." ನಮ್ಮ ಅಡುಗೆಮನೆಗೆ ಕಿಟಕಿ ಒಂದೇ. ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಮರುದಿನ ಅವಳನ್ನ ಅಂಗಡಿಗೆ ಕರ್ಕೊಂಡು ಹೋದೆ. ಟೈಲ್ಸ್ ಅಂಗಡಿ ಒಳಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಬಣ್ಣ ನೋಡೋ ಮುಂಚೆ ಒಂದೊಂದರ ಮೇಲೂ ಉಗುರು ಎಳೆದು, ಆಮೇಲೆ ಸೆರಗಿನಿಂದ ಒರೆಸಿ ನೋಡಿದಳು. ಅಂಗಡಿಯವರು ಅಪ್ಪನ ಕ್ರೀಮ್ ಟೈಲ್ಸ್ ಎತ್ತಿ ತೋರಿಸಿ, "ಇದರ ಮ್ಯಾಲ ಕಲಿ ಕಾಣಲ್ಲ ನೋಡ್ರಿ ಅಕ್ಕಾ" ಅಂದರು.

"ಕಾಣಲಿಲ್ಲ ಅಂದ್ರ ಒರಸೋದು ಹ್ಯಾಂಗ?" ಅಂದಳು ಅವ್ವ. "ಎಣ್ಣಿ ಅಲ್ಲೇ ಇರ್ತದ, ಜೊಂಡಿಗ್ಯಾ ಬರ್ತಾವ."

ಎಲ್ಲರೂ ಕೊಳೆ ಕಾಣದ ಬಣ್ಣ ಆರಿಸಿ ಅಂತಾರೆ. ಇವಳಿಗೆ ಕೊಳೆ ಕಾಣೋ ಬಣ್ಣ ಬೇಕಂತೆ. ಹುಡುಕಿ ಹುಡುಕಿ ತಿಳಿ ನೀಲಿ ತೆಗೆದಳು, ಚಿತ್ರ ಇಲ್ಲ, ಹೊಳಪು ಇದೆ. ಕಿಟಕಿ ಬೆಳಕು ಅದರ ಮೇಲೆ ಬಿದ್ದು ಒಳಗೆ ಬರ್ತದ, ಅರಿಶಿನ ಬಿದ್ದರೆ ದೂರದಿಂದಲೇ ಕಾಣ್ತದ. ಚದರ ಅಡಿಗೆ 42 ರೂಪಾಯಿ. ಡಬ್ಬಿಗೆ 6 ಬರ್ತಾವೆ, ಒಡೆದರೆ ಇರಲಿ ಅಂತ 4 ಡಬ್ಬಿ, 1,512 ರೂಪಾಯಿ. ಅಡ್ವಾನ್ಸ್ ಅದರಲ್ಲೇ ಮುರ್ಕೊಂಡರು. ಅಪ್ಪ ಎರಡು ದಿನ "ಸ್ಟ್ರಾಬೆರಿ ಚೊಲೋ ಇತ್ತು" ಅಂತಲೇ ಇದ್ದರು.

ವಾಪಸ್ ಬರುವಾಗ ರೈಲಲ್ಲಿ ಕೇಳಿದೆ, ನೀಲಿನೇ ಯಾಕೆ? ಔರಾದಿನ ಮನೇಲಿ ಆಯಿ ಕಟ್ಟಿಗೆ ಒಲೆ ಉರಿಸ್ತಿದ್ದಳು, ಗೋಡೆ ವರ್ಷವಿಡೀ ಮಸಿ. ದೀಪಾವಳಿಗೆ ಸುಣ್ಣದಲ್ಲಿ ನೀಲಿ ಕಲಸಿ ಬಳೀತಿದ್ದರಂತೆ. "ಒಂದ್ ಎಂಟ್ ದಿನ ಒಳಗ ಬೆಳಕು ಬೆಳಕು ಇರ್ತಿತ್ತು. ಆಮ್ಯಾಲ ಮತ್ತ ಮಸಿ." ಅಷ್ಟು ಹೇಳಿ ಕಿಟಕಿ ಹೊರಗೆ ನೋಡ್ತಾ ಕೂತಳು.

ನೀಲಿ ಮಸುಕಾಗ್ತದೇನೋ ಅಂತ ನನಗೆ ಸಂಶಯ ಇತ್ತು. ಕ್ಲಾಸ್ ಇಲ್ಲದ ದಿನ ನಾವೆಲ್ಲ ಫೋಟೋ ತೆಗೆಸ್ಕೊಳ್ಳೋ ಮಹಮೂದ್ ಗವಾನ್ ಮದರಸಾ ನೆನಪು ಮಾಡ್ಕೊಳ್ಳಿ. 1472ರದು. ಎಷ್ಟೋ ಕಡೆ ಟೈಲ್ಸ್ ಉದುರಿ ಬರೀ ಗೋಡೆ ಕಾಣ್ತದ, ಆದರೆ ಉಳಿದ ಚೂರುಗಳಲ್ಲಿ ನೀಲಿ ಇನ್ನೂ ನೀಲಿಯಾಗೇ ಇದೆ. ಬಣ್ಣ ಗಾಜಿನಂಥ ಪದರಿನಲ್ಲಿ ಸೇರಿ ಭಟ್ಟಿಯಲ್ಲಿ ಸುಟ್ಟಿರ್ತದ, ಅದಕ್ಕೇ ಬಿಸಿಲಿಗೆ ಹೋಗಲ್ಲ. ಹೋಗೋದು ಹಿಡಿತ.

ನಮ್ಮಲ್ಲೂ ಎಡವಟ್ಟಾಗಿದ್ದು ಹಿಡಿತದಲ್ಲೇ. ಗೌಂಡಿ ಟೈಲ್ಸನ್ನ ನೀರಲ್ಲಿ ನೆನೆಸಿದ, ಅದು ಸರಿ. ಆದರೆ ಕೆಲವಕ್ಕೆ ನಾಲ್ಕು ಮೂಲೆಗೆ ಮಾತ್ರ ಸಿಮೆಂಟ್ ಇಟ್ಟು ಒತ್ತಿದ್ದ. ಮರುದಿನ ನಾಣ್ಯದಿಂದ ಒಂದೊಂದನ್ನೇ ತಟ್ಟಿ ನೋಡಿದರೆ ಎರಡು ಟೊಳ್ಳು ಸದ್ದು. ಹಿಂದೆ ಖಾಲಿ ಇದ್ದರೆ ನೀರು ಸೇರ್ತದ, ಏಟು ಬಿದ್ದರೆ ಒಡೀತದ. ಹೇಳೋಕೆ ನನಗೆ ಸಂಕೋಚ. ಅವ್ವ ಹೇಳಿದಳು, "ಇವೆರಡೂ ತೆಗಿರಿ ಭಾವಾ, ಪೂರಾ ಹಚ್ಚಿ ಮತ್ತ ಕೂಡಸ್ರಿ." ತೆಗೆಯುವಾಗ ಎರಡೂ ಒಡೆದವು, ಡಬ್ಬಿಯಿಂದ ಬೇರೆ ಹಾಕಿದರು. ಸಂದಿಗೆ ಒಲೆ ಹಿಂದೆ ಮಾತ್ರ ಎಪಾಕ್ಸಿ ತುಂಬಿಸಿದ್ವಿ. ದುಬಾರಿ, ಆದರೆ ಸಿಮೆಂಟಿನ ಹಾಗೆ ಅರಿಶಿನ ಕುಡಿಯಲ್ಲ. ಉಳಿದ ಕಡೆ ಸಾದಾ ಬಿಳಿ ಸಿಮೆಂಟ್.

ಕೊನೇ ಫೋಟೋ ನಿನ್ನೆ ಸಂಜೆದು. ಮೊದಲ ಒಗ್ಗರಣೆ ಬಿತ್ತು, ಅರಿಶಿನದ ಹನಿ ಮೂರು, ನೀಲಿ ಮೇಲೆ ಎದ್ದು ಕಾಣ್ತಾವೆ ನೋಡಿ. ಅವ್ವ ಬಟ್ಟೆ ತಂದು ನನ್ನ ಕೈಗೆ ಕೊಟ್ಟಳು. ಉಳಿದ ಎರಡು ಟೈಲ್ಸ್ ಮಂಚದ ಕೆಳಗಿವೆ. ಡಬ್ಬಿ ಮೇಲಿನ ಬ್ಯಾಚ್ ನಂಬರ್ ಫೋಟೋ ತೆಗೆದಿಟ್ಟಿದ್ದೇನೆ, ನೀವೂ ತೆಗೆದಿಡಿ. ಮುಂದಿನ ಸಲ ಅದೇ ನೀಲಿ ಕೇಳಿದರೆ ಬೇರೆ ನೀಲಿ ಕೊಡ್ತಾರೆ.