ನಮ್ಮ ಮನೆಯ ನಿಂತ ಬೈಸಿಕಲ್ಲು

ಬೈಸಿಕಲ್ಲೆಂದರೆ ಮನುಷ್ಯನನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯತಕ್ಕ ವಾಹನವೆಂದು ನಾನು ಅರುವತ್ತು ವರ್ಷಗಳ ಕಾಲ ನಂಬಿದ್ದೆನು. ಈಗ ನಮ್ಮ ನಡುಮನೆಯಲ್ಲಿರುವ ಬೈಸಿಕಲ್ಲು ಎಷ್ಟು ತುಳಿದರೂ ಒಂದಂಗುಲವೂ ಮುಂದಕ್ಕೆ ಹೋಗುವುದಿಲ್ಲ. ಅದರ ಮೇಲೆ ಏರಿ ಕುಳಿತುಕೊಳ್ಳುವ ಪ್ರಮೇಯವೂ ಇಲ್ಲ. ಆರಾಮಕುರ್ಚಿಯಲ್ಲಿ ಒರಗಿದಂತೆ ಬೆನ್ನು ಕೊಟ್ಟು ಕುಳಿತು, ಕಾಲುಗಳನ್ನು ಮುಂದಕ್ಕೆ ನೀಡಿ ತುಳಿಯಬೇಕು. ಈ ವಿಚಿತ್ರ ವಸ್ತುವಿನಿಂದ ನಮ್ಮ ಸಂಸಾರಕ್ಕಾದ ಉಪಕಾರವನ್ನೂ, ಅದನ್ನು ಜೋಡಿಸುವಾಗ ನಾನು ಮಾಡಿದ ಅಪರಾಧವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರೆ, ವಾಚಕರಲ್ಲಿ ಒಬ್ಬಿಬ್ಬರಿಗಾದರೂ ಪ್ರಯೋಜನವಾದೀತೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ನಮ್ಮದು ಮೈಸೂರು. ನನ್ನ ಹೆಂಡತಿಯು ಈ ಮನೆಗೆ ಬಂದ ವರ್ಷದಿಂದಲೂ ಆಷಾಢಮಾಸದ ಒಂದು ಶುಕ್ರವಾರ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಕಾಲುನಡೆಯಲ್ಲಿಯೇ ಹತ್ತುವ ನಿಯಮವನ್ನಿಟ್ಟುಕೊಂಡಿದ್ದಳು. 2022ರ ಆಷಾಢದಲ್ಲಿ ನೂರು ಮೆಟ್ಟಿಲು ಹತ್ತುವಷ್ಟರಲ್ಲಿಯೇ ಅವಳು ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟು, “ನೀವು ಹೋಗಿ ಬನ್ನಿ. ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ” ಎಂದಳು. ಬಿಸಿಲಿನ ಆಯಾಸವೆಂದು ನಾನು ಭಾವಿಸಿದೆನು. ಮಾರನೆಯ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ಸಂಡಿಗೆಯಿಡಲಿಲ್ಲ. ಏಕೆಂದು ಕೇಳಿದರೆ, “ಇಬ್ಬರಿಗೆ ಎಷ್ಟು ಸಂಡಿಗೆ ಬೇಕು?” ಎಂದಳು. ತಾರಸಿಯ ಹದಿನಾಲ್ಕು ಮೆಟ್ಟಿಲುಗಳನ್ನು ಹತ್ತಲಾರದೆ ಸಂಡಿಗೆಯನ್ನು ಬಿಟ್ಟಿದ್ದಾಳೆಂಬುದು ನನಗೆ ತಿಳಿಯುವುದಕ್ಕೆ ಇನ್ನೂ ಕೆಲವು ತಿಂಗಳುಗಳು ಹಿಡಿದುವು. ಒಂದೇ ಮನೆಯಲ್ಲಿ ವಾಸಿಸುವವರು ಒಬ್ಬರನ್ನೊಬ್ಬರು ಎಷ್ಟು ಕಡಿಮೆ ನೋಡುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ವೈದ್ಯರು ಪರೀಕ್ಷೆ ಮಾಡಿ, ಮೊಣಕಾಲಿನ ಕೀಲಿನಲ್ಲಿರುವ ಮೃದ್ವಸ್ಥಿಯು ಸವೆದಿದೆಯೆಂದು ಹೇಳಿದರು. ಇದು ಅಪರೂಪದ ವ್ಯಾಧಿಯೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಕೀಲುಸವೆತವಿದ್ದಿತು. ಇದು ಎಲ್ಲಕ್ಕಿಂತ ಹೆಚ್ಚಾಗಿ ತಗಲುವುದು ಮೊಣಕಾಲಿಗೆ. “ನೋಯುತ್ತದೆಂದು ಕಾಲನ್ನು ಮೂಲೆಗಿಡಬೇಡಿರಮ್ಮ” ಎಂದರು ವೈದ್ಯರು. “ತೊಡೆಯ ಸ್ನಾಯುಗಳು ಸೊರಗಿದರೆ ಕೀಲಿಗೆ ಆಸರೆ ತಪ್ಪಿ ನೋವು ಇನ್ನೂ ಹೆಚ್ಚುವುದು. ಮೈಯ ಭಾರ ಕಾಲಿನ ಮೇಲೆ ಬೀಳದ ಹಾಗೆ ಅದನ್ನು ಆಡಿಸುತ್ತಿರಬೇಕು.” ಒರಗು ಬೈಸಿಕಲ್ಲಿನ ಹೆಸರನ್ನು ಸೂಚಿಸಿದವರೂ ಅವರೇ. ಅದರ ಪೀಠವು ತಗ್ಗಾಗಿರುವುದರಿಂದ ಕಾಲೆತ್ತಿ ಹತ್ತಬೇಕಾಗಿಲ್ಲ. ಬೆನ್ನಿಗೆ ಆಧಾರವಿರುವುದರಿಂದ ತೂಕ ತಪ್ಪಿ ಬೀಳುವ ಭಯವೂ ಕಡಿಮೆ.

“ಒರಗಿ ಕುಳಿತು ಮಾಡುವುದು ಎಂಥ ವ್ಯಾಯಾಮ? ಸೋಮಾರಿಗಳ ಸವಾರಿ!” ಎಂದು ನನ್ನ ಹೆಂಡತಿ ನಕ್ಕಳು. ಆಗ ನಾನು ಅವಳಿಗೊಂದು ನಿಜವಾದ ಕಥೆಯನ್ನು ಹೇಳಿದೆನು. ಫ್ರಾನ್ಸ್ ದೇಶದಲ್ಲಿ ಶಾರ್ಲ್ ಮೊಶೆ ಎಂಬಾತನು ಒರಗಿ ತುಳಿಯುವ ಬೈಸಿಕಲ್ಲೊಂದನ್ನು ನಿರ್ಮಿಸಿದನು. 1933ನೆಯ ಇಸವಿ ಜುಲೈ ತಿಂಗಳಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರನು ಅದರ ಮೇಲೆ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರವನ್ನು ಕ್ರಮಿಸಿ, 1914ರಿಂದ ಅಚಲವಾಗಿದ್ದ ದಾಖಲೆಯನ್ನು ಮುರಿದನು. ನೆಟ್ಟಗೆ ಕುಳಿತು ತುಳಿಯುವವರಿಗೆ ಇದು ಸಹನೆಯಾಗಲಿಲ್ಲ. 1934ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಬೈಸಿಕಲ್ಲಿನ ಲಕ್ಷಣವನ್ನೇ ಹೊಸದಾಗಿ ನಿರ್ಣಯಿಸಿ, ಒರಗು ಬೈಸಿಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. “ಗೆದ್ದವನನ್ನು ಹೊರಗೆ ಹಾಕಿದರೆ?” ಎಂದು ಅವಳು ಕೇಳಿದಳು. ಅಂದಿನಿಂದ ಅವಳಿಗೆ ಆ ಯಂತ್ರದ ಮೇಲೆ ಸ್ವಲ್ಪ ಮರುಕ ಹುಟ್ಟಿತು.

ಪುಣೆಯಲ್ಲಿರುವ ನಮ್ಮ ಮಗಳು ಯಂತ್ರವನ್ನು ಕೊಂಡು ಕಳುಹಿಸಿದಳು. ಇಬ್ಬರು ಆಳುಗಳು ಹೊತ್ತು ತಂದ ಪೆಟ್ಟಿಗೆಯನ್ನು ಬಿಚ್ಚಿದಾಗ, ಕೊಳವೆಗಳು, ಬೋಲ್ಟುಗಳು, ವಾಷರುಗಳು, ಎರಡು ಸ್ಪ್ಯಾನರುಗಳು ಮತ್ತು ಒಂದು ಪುಸ್ತಕ ಹೊರಬಂದುವು. ನಾನು ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದವನು. ನಾಲ್ಕು ಬೋಲ್ಟುಗಳನ್ನು ಬಿಗಿಯುವುದಕ್ಕೆ ನನಗೆ ಪುಸ್ತಕವೇಕೆ? ಅದನ್ನು ಕಿಟಕಿಯ ಮೇಲಿಟ್ಟು ಕೆಲಸಕ್ಕೆ ತೊಡಗಿದೆನು. ಮುಂದಿನ ಮತ್ತು ಹಿಂದಿನ ಅಡ್ಡಪಾದಗಳು, ಪೀಠ, ಒರಗು, ಹಿಡಿಗಳು ಎಲ್ಲವೂ ಒಂದು ಗಂಟೆಯೊಳಗೆ ತಮ್ಮ ತಮ್ಮ ಸ್ಥಾನವನ್ನು ಸೇರಿದುವು. ಉಳಿದುವು ಪೆಡಲುಗಳೆರಡು.

ಒಂದರ ಮೇಲೆ ‘ಎಲ್’ ಎಂದೂ ಮತ್ತೊಂದರ ಮೇಲೆ ‘ಆರ್’ ಎಂದೂ ಸಣ್ಣ ಗುರುತುಗಳಿದ್ದುವು. ನಾನು ಯಂತ್ರಕ್ಕೆ ಎದುರಾಗಿ ಕುಳಿತಿದ್ದೆನು. ನನ್ನ ಎಡವು ಸವಾರನ ಬಲವೆಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಪೆಡಲು ಒಳಕ್ಕೆ ಹೋಗಲೊಲ್ಲದು. ಹೊಸ ವಸ್ತುವು ಬಿಗಿಯಾಗಿರುವುದು ಸಹಜವೆಂದುಕೊಂಡು, ಸ್ಪ್ಯಾನರಿಗೆ ಮೈಭಾರವನ್ನೆಲ್ಲ ಹಾಕಿ ತಿರುಗಿಸಿದೆನು. ಕಿರುಗುಟ್ಟುತ್ತ ಅದು ಒಂದೆರಡು ಸುತ್ತು ಕಚ್ಚಿಕೊಂಡಿತು. ಎರಡನೆಯದಕ್ಕೂ ಅದೇ ಮರ್ಯಾದೆಯಾಯಿತು. ಪೆಡಲುಗಳು ಕೊಂಚ ಓರೆಯಾಗಿ ನಿಂತಿರುವುದನ್ನು ನಾನು ಕಂಡೆನು, ಕಂಡೂ ಸುಮ್ಮನಾದೆನು.

ಮೂರನೆಯ ದಿನ ಬೆಳಿಗ್ಗೆ ನಾನು ಪತ್ರಿಕೆಯನ್ನು ಓದುತ್ತಿದ್ದಾಗ ನಡುಮನೆಯಲ್ಲಿ ದೊಡ್ಡ ಶಬ್ದವಾಯಿತು. ಓಡಿಹೋಗಿ ನೋಡಿದರೆ, ಎಡಗಡೆಯ ಪೆಡಲು ಕಿತ್ತು ಅವಳ ಪಾದದ ಪಟ್ಟಿಯಲ್ಲಿಯೇ ನೇತಾಡುತ್ತಿದ್ದಿತು. ಕ್ರ್ಯಾಂಕಿನ ತುದಿಯು ಕಣಕಾಲಿನ ಮೇಲೆ ಬಡಿದು ಚರ್ಮ ಸುಲಿದಿದ್ದಿತು. ಒರಗಿನ ಆಸರೆಯಿದ್ದುದರಿಂದ ಅವಳು ಕೆಳಕ್ಕೆ ಬೀಳಲಿಲ್ಲವೆಂಬುದೊಂದೇ ಪುಣ್ಯ. ಗಾಯಕ್ಕೆ ಮದ್ದು ಹಚ್ಚುತ್ತಿರುವಾಗ ಅವಳು ಮೆಲ್ಲನೆ, “ನನ್ನ ಭಾರಕ್ಕೆ ಮುರಿಯಿತು, ಅಲ್ಲವೆ? ಮಗು ಅಷ್ಟು ದುಡ್ಡು ಹಾಕಿ ಕಳುಹಿಸಿದ್ದಳು” ಎಂದಳು.

ವಾಚಕರೇ, ಆ ಕ್ಷಣದಲ್ಲಿ ನಾನು ಹೇಳಬೇಕಾಗಿದ್ದ ಮಾತು ಒಂದೇ ಒಂದು. ಅದನ್ನು ನಾನು ಹೇಳಲಿಲ್ಲ. “ಈಗಿನ ಕಾಲದ ವಸ್ತುಗಳೇ ಹೀಗೆ” ಎಂದು ಏನೋ ಗೊಣಗಿದೆನು. ಅವಳು ಯಂತ್ರದ ಮೇಲೆ ಹಳೆಯ ಹೊದಿಕೆಯೊಂದನ್ನು ಹೊದಿಸಿದಳು. ನಾಲ್ಕು ದಿನಗಳಲ್ಲಿ ಅದರ ಹಿಡಿಗಳ ಮೇಲೆ ಟವೆಲುಗಳು ಒಣಗತೊಡಗಿದುವು. ಒಂದು ವಾರದ ಮೇಲೆ ನೋಡುತ್ತೇನೆ, ಅವಳು ರಾತ್ರಿಯ ಊಟವನ್ನು ಬಿಟ್ಟಿದ್ದಾಳೆ. ಕೇಳಿದರೆ, “ಹಸಿವಿಲ್ಲ” ಎಂಬ ಉತ್ತರ. ಹಸಿವಿಲ್ಲದವಳು ನನ್ನ ತಟ್ಟೆಗೆ ಬಡಿಸುವಾಗ ಮುಖವನ್ನು ಬೇರೆ ಕಡೆಗೆ ತಿರುಗಿಸುವುದೇಕೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕಿತ್ತುಬಂದ ಪೆಡಲನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಬೀದಿಯ ತಿರುವಿನಲ್ಲಿರುವ ಸೈಕಲ್ ರಿಪೇರಿಯ ಅಂಗಡಿಗೆ ಹೋದೆನು. ಅಂಗಡಿಯವನು ಅದನ್ನು ಒಮ್ಮೆ ತಿರುಗಿಸಿ ನೋಡಿ, “ಮೇಷ್ಟ್ರೇ, ಇದು ಬಲಗಡೆಯದು. ಎಡಗಡೆಗೆ ಉಲ್ಟಾ ಸುತ್ತು ಅಲ್ಲವೆ? ಯಾರೋ ತಿಳಿಯದವರು ಹಾಕಿದ್ದಾರೆ” ಎಂದನು. “ಹೌದು, ತಿಳಿಯದವನೇ ಹಾಕಿದ್ದಾನೆ” ಎಂದೆನು.

ವಿಷಯವಿಷ್ಟೆ. ಬಲಪೆಡಲಿನ ತಿರುಪು ಎಲ್ಲ ತಿರುಪುಗಳಂತೆ ಪ್ರದಕ್ಷಿಣವಾಗಿ ಬಿಗಿಯುತ್ತದೆ, ಎಡಪೆಡಲಿನದು ಅಪ್ರದಕ್ಷಿಣವಾಗಿ. ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ಹೊರತುದಿಯನ್ನು ದುಂಡಗೆ ಸುತ್ತಿಸಿರಿ. ಪೆನ್ಸಿಲು ಮುಷ್ಟಿಯೊಳಗೆ ಎದುರು ದಿಕ್ಕಿನಲ್ಲಿ ಹೊರಳುವುದನ್ನು ಕಾಣುವಿರಿ. ಕಾಲಿನ ಒತ್ತಡಕ್ಕೆ ಸಿಕ್ಕಿದ ಪೆಡಲಿನ ಕಡ್ಡಿಯೂ ಕ್ರ್ಯಾಂಕಿನ ರಂಧ್ರದಲ್ಲಿ ಹೀಗೆಯೇ ಹೊರಳಲೆಳಸುತ್ತದೆ. ಎಡಗಡೆಗೆ ಸಾಮಾನ್ಯ ತಿರುಪನ್ನಿಟ್ಟರೆ ತುಳಿದಂತೆಲ್ಲ ಅದು ಸಡಿಲವಾಗುವುದು. ಅದಕ್ಕಾಗಿಯೇ ಎದುರು ತಿರುಪು. ನಾನು ಬಲದ ಪೆಡಲನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಬಲಾತ್ಕಾರದಿಂದ ತುರುಕಿ, ಎರಡು ಕ್ರ್ಯಾಂಕುಗಳ ತಿರುಪಿನ ಸುತ್ತುಗಳನ್ನೂ ಕೆಡಿಸಿದ್ದೆನು.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆನು. ಯಂತ್ರವು 120 ಕಿಲೋಗ್ರಾಂ ಭಾರವನ್ನು ತಡೆಯತಕ್ಕದ್ದೆಂದು ಪುಸ್ತಕದಲ್ಲಿ ಅಚ್ಚಾಗಿರುವುದನ್ನೂ ತೋರಿಸಿದೆನು. ಅವಳ ತೂಕ 68. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ಪೆಡಲು ಬಿದ್ದದ್ದಕ್ಕೆ ನನಗೆ ಬೇಸರವಿಲ್ಲ. ಹತ್ತು ದಿನ ನೀವು ಸುಮ್ಮನಿದ್ದಿರಲ್ಲ, ಅದಕ್ಕೆ” ಎಂದಳು. ಮತ್ತೆ ಸ್ವಲ್ಪ ತಡೆದು, “ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಹುಡುಗರಿಗೆ ಮೂವತ್ತು ವರ್ಷ ಹೇಳಿದಿರಿ. ಆ ಪುಸ್ತಕವನ್ನು ಇಲ್ಲಿ ಕೊಡಿ. ಇನ್ನು ಮೇಲೆ ನಾನು ಓದುತ್ತೇನೆ, ನೀವು ಬಿಗಿಯಿರಿ” ಎಂದಳು. ಆ ರಾತ್ರಿ ಇಬ್ಬರೂ ಒಟ್ಟಿಗೆ ಊಟ ಮಾಡಿದೆವು.

ಹೊಸ ಕ್ರ್ಯಾಂಕುಗಳನ್ನೂ ಪೆಡಲುಗಳನ್ನೂ ಬೆಲೆ ಕೊಟ್ಟು ತರಿಸಿದೆವು. ಕ್ರ್ಯಾಂಕುಗಳನ್ನು ಕಳಚುವುದಕ್ಕೆ ಬೇರೆ ಸಲಕರಣೆ ಬೇಕಾದುದರಿಂದ ಆ ಕೆಲಸವನ್ನು ಅಂಗಡಿಯವನೇ ಮನೆಗೆ ಬಂದು ಮಾಡಿದನು. ಉಳಿದುದೆಲ್ಲವನ್ನೂ ನಾವಿಬ್ಬರೂ ಕಳಚಿ ಮೊದಲಿನಿಂದ ಜೋಡಿಸಿದೆವು. ಈ ಸಲ ಕಲಿತ ಪಾಠಗಳಿವು. ಭಾಗಗಳನ್ನೆಲ್ಲ ಮೊದಲು ನೆಲದ ಮೇಲೆ ಹರಡಿ ಪಟ್ಟಿಯೊಡನೆ ಎಣಿಸಿಕೊಳ್ಳಬೇಕು. ಬೋಲ್ಟುಗಳನ್ನು ಮೊದಲು ಕೈಯಿಂದಲೇ ಕೂಡಿಸಿ, ಎಲ್ಲವೂ ಸರಿಯಾಗಿ ಕುಳಿತ ಮೇಲೆ ಸ್ಪ್ಯಾನರಿನಿಂದ ಬಿಗಿಯಬೇಕು. ಕಂಬದೊಳಗೆ ಹಾಯುವ ತಂತಿಯು ಕೊಳವೆಗಳ ನಡುವೆ ಸಿಕ್ಕಿ ಜಜ್ಜದಂತೆ ನೋಡಿಕೊಳ್ಳಬೇಕು. ಎಡಬಲಗಳನ್ನು ಪೀಠದಲ್ಲಿ ಕುಳಿತವರ ಕಡೆಯಿಂದ ತಿಳಿಯಬೇಕು. ಪೆಡಲಿನ ಮೊದಲ ಸುತ್ತುಗಳು ಬೆರಳಿನಿಂದಲೇ ಹೋಗಬೇಕು. ಹೋಗದಿದ್ದರೆ ಬಲಪ್ರಯೋಗ ಮಾಡದೆ ಹೊರಕ್ಕೆ ತೆಗೆದು ನೋಡಬೇಕು. ಕೊನೆಯ ಬಿಗಿತವನ್ನು ನನ್ನ ಹೆಂಡತಿಯೇ ಮಾಡಿದಳು. ಯಂತ್ರದ ಮೇಲೆ ಅವಳಿಗೆ ಮತ್ತೆ ಧೈರ್ಯ ಬಂದದ್ದು ಆಗಲೇ ಎಂದು ತೋರುತ್ತದೆ. ಮೊದಲ ವಾರ ಕಳೆದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಪರೀಕ್ಷಿಸಿದೆವು. ಒಂದೆರಡು ಸಡಿಲವಾಗಿಯೇ ಇದ್ದುವು. ಈಗ ಇದು ತಿಂಗಳಿಗೊಮ್ಮೆಯ ಕೆಲಸ.

ಉಪಯೋಗಿಸುವುದಕ್ಕೂ ಕ್ರಮವುಂಟು. ಯಂತ್ರವು ಸಮನೆಲದ ಮೇಲೆ ರಬ್ಬರು ಹಾಸಿನಲ್ಲಿ ಅಲುಗಾಡದೆ ನಿಂತಿರಬೇಕು. ಪೆಡಲು ಅತ್ಯಂತ ದೂರವಿರುವಾಗಲೂ ಮೊಣಕಾಲು ಸ್ವಲ್ಪ ಮಡಿಸಿಯೇ ಇರುವಂತೆ ಪೀಠವನ್ನು ಸರಿಸಬೇಕು. ಪೀಠವು ತೀರ ಹತ್ತಿರವಾದರೆ ಮೊಣಕಾಲು ಹೆಚ್ಚಾಗಿ ಮಡಿಸಿ ನೋಯುವುದು. ತೀರ ದೂರವಾದರೆ ಕಾಲು ಸೆಟೆದು ಸೊಂಟ ಎಳೆಯುವುದು. ಸೀರೆಯ ನೆರಿಗೆಯೂ ಸೆರಗೂ ಕ್ರ್ಯಾಂಕಿಗೆ ಸಿಕ್ಕುವ ಅಪಾಯವಿರುವುದರಿಂದ ಅವಳು ಆ ಹೊತ್ತಿಗೆ ಪೈಜಾಮವನ್ನು ತೊಡುತ್ತಾಳೆ. ಪಂಚೆಯುಡುವ ನನ್ನಂಥವರಿಗೂ ಇದೇ ನಿಯಮ. ಮೊದಲ ಐದು ನಿಮಿಷ ಹಗುರವಾಗಿ ತುಳಿದು ಮೈ ಬಿಸಿಯಾಗಿಸಿಕೊಳ್ಳಬೇಕು. ಕೊನೆಯ ಐದು ನಿಮಿಷವೂ ಹಾಗೆಯೇ ಇಳಿಸಬೇಕು. ತುಳಿಯುವಾಗ ಮಾತನಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದರ್ಥ. ಎದೆನೋವು, ತಲೆಸುತ್ತು ಅಥವಾ ಅತಿಯಾದ ಏದುಸಿರು ಕಂಡರೆ ಒಡನೆಯೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಹೃದ್ರೋಗವೋ ರಕ್ತದೊತ್ತಡವೋ ಇರುವವರು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು. ಪೆಡಲುಗಳು ಪೂರ್ತಿ ನಿಂತ ಮೇಲೆಯೇ ಪಾದವನ್ನು ಪಟ್ಟಿಯಿಂದ ಬಿಡಿಸಿ, ಒಂದು ನಿಮಿಷ ಕುಳಿತಿದ್ದು, ಅನಂತರ ಏಳಬೇಕು. ಮಕ್ಕಳಿರುವ ಮನೆಯಲ್ಲಿ ಯಂತ್ರವಿರುವ ಕೋಣೆಗೆ ಚಿಲಕವಿರುವುದು ಮೇಲು. ತಿರುಗುವ ಪೆಡಲಿಗೆ ಎಳೆಯ ಬೆರಳಿನ ಮೇಲೆ ದಯೆಯಿಲ್ಲ.

ಬಿಗುವನ್ನು ಹೆಚ್ಚಿಸಲು ಒಂದು ಗುಂಡಿಯುಂಟು. ಅದನ್ನು ತಿರುಗಿಸಿದರೆ ಒಳಗಿನ ಲೋಹದ ಗಾಲಿಯ ಸಮೀಪಕ್ಕೆ ಅಯಸ್ಕಾಂತವು ಸರಿಯುತ್ತದೆ. ತಿರುಗುವ ಗಾಲಿಯಲ್ಲಿ ಆಗ ಸುಳಿಯಂಥ ವಿದ್ಯುತ್ಪ್ರವಾಹಗಳು ಹುಟ್ಟಿ ಅದರ ಚಲನೆಯನ್ನೇ ತಡೆಯುತ್ತವೆ. ಫ್ರಾನ್ಸಿನ ವಿಜ್ಞಾನಿ ಫುಕೋ 1855ರಲ್ಲಿ ಕಂಡುಹಿಡಿದ ತತ್ತ್ವವಿದು. ಒಂದಕ್ಕೊಂದು ಉಜ್ಜದಿರುವುದರಿಂದ ಸದ್ದೂ ಇಲ್ಲ, ಸವೆತವೂ ಇಲ್ಲ. ನನ್ನ ಹೆಂಡತಿ ತಿಂಗಳುಗಟ್ಟಲೆ ಅದನ್ನು ಒಂದನೆಯ ಅಂಕೆಯಲ್ಲಿಯೇ ಇಟ್ಟಿದ್ದಳು. ಅವಸರಪಡಿಸಬೇಡಿರೆಂದು ವೈದ್ಯರು ನನಗೇ ವಿಶೇಷವಾಗಿ ಹೇಳಿದ್ದರು. ಮೊದಲು ದಿನಕ್ಕೆ ಐದು ನಿಮಿಷ; ಅದೇ ಕ್ರಮೇಣ ಅರ್ಧ ಗಂಟೆಯಾಯಿತು. ವಾರಕ್ಕೆ ಐದು ದಿನವಾದರೆ 150 ನಿಮಿಷ. ವಯಸ್ಕರಿಗೆ ಕನಿಷ್ಠ ಇಷ್ಟು ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿದೆ. ಆದರೆ ಕುಳಿತು ತುಳಿಯುವುದರಿಂದ ನಿಲ್ಲುವ ನಡೆಯುವ ಸಮತೋಲ ಬಾರದು. ಆದುದರಿಂದ ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ಇವೂ ಜೊತೆಗಿವೆ.

ಸವೆದ ಕೀಲು ಮತ್ತೆ ಹೊಸದಾಗಲಿಲ್ಲ, ಆಗುವುದೂ ಇಲ್ಲ. ಬೆಟ್ಟದ ಮೆಟ್ಟಿಲುಗಳನ್ನು ಅವಳು ಹತ್ತುತ್ತಿಲ್ಲ. ಬಸ್ಸಿನಲ್ಲಿ ಹೋಗಿ ದೇವಿಯ ದರ್ಶನ ಮಾಡಿ ಬರುತ್ತೇವೆ. ಆದರೆ ಕಳೆದ ಬೇಸಗೆಯ ಒಂದು ಬೆಳಿಗ್ಗೆ ನಾನು ಎದ್ದು ನೋಡುವಾಗ ಅಡಿಗೆಮನೆಯಲ್ಲಿ ಅವಳಿರಲಿಲ್ಲ. ಕೂಗಿದೆನು. ಉತ್ತರವು ತಾರಸಿಯಿಂದ ಬಂದಿತು. ಹತ್ತಿ ಹೋದರೆ, ಹಳೆಯ ಸೀರೆಯನ್ನು ಹಾಸಿ ಅದರ ಮೇಲೆ ಸಾಲುಸಾಲಾಗಿ ಅರಳುಸಂಡಿಗೆಯನ್ನಿಡುತ್ತಿದ್ದಾಳೆ. “ಕಾಗೆ ಬಾರದಂತೆ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕು, ಕುಳಿತುಕೊಳ್ಳಿ” ಎಂದಳು.

ನಾನು ಕೋಲು ಹಿಡಿದು ಕುಳಿತುಕೊಂಡೆನು.