ಹಿಂದೆ ಬರುವವರಿಗಾಗಿ ಒಂದು ತಂತಿ

ರೇಸ್ ಬೈಕಿನ ಆಯಿಲ್ ಡ್ರೈನ್ ಬೋಲ್ಟನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಅದರ ತಲೆಯಲ್ಲಿ ಒಂದೂವರೆ ಮಿಲಿಮೀಟರಿನ ತೂತು ಇರುತ್ತದೆ. ಆ ತೂತಿನಿಂದ ಹೊರಟ ಸಣ್ಣ ಸ್ಟೀಲ್ ತಂತಿ ಹಗ್ಗದ ಹಾಗೆ ಹೊಸೆದುಕೊಂಡು ಹೋಗಿ ಎಂಜಿನ್ನಿನ ಇನ್ನೊಂದು ಗಟ್ಟಿ ಜಾಗಕ್ಕೆ ಕಟ್ಟಿಕೊಂಡಿರುತ್ತದೆ. ಇದಕ್ಕೆ ಸೇಫ್ಟಿ ವೈರ್ ಅಂತಾರೆ. ವಿಮಾನ ರಿಪೇರಿಯವರಿಗೆ ಇದು ದಿನನಿತ್ಯದ ಕೆಲಸ. ಆದರೆ ನಾವು ಶೋರೂಮಿನಿಂದ ತರುವ ಬೈಕಿನಲ್ಲಿ ಇದು ಇರಲ್ಲ. ಟ್ರ್ಯಾಕಿಗೆ ಇಳಿಯುವವರು ತಾವೇ ಕೊರೆದು, ತಾವೇ ಕಟ್ಟಿಕೊಳ್ಳಬೇಕು.

ನಮ್ಮ ಕಾಕಾನ ಮಗನ ಹಳೆಯ ಆರ್‌15 ಬೈಕಿಗೆ ಈ ಕೆಲಸ ಮಾಡಲು ಎರಡು ವೀಕೆಂಡ್ ಬೆಂಗಳೂರಿನಿಂದ ಸಿಂಧನೂರಿಗೆ ಹೋಗಿದ್ದೆ. ತಮ್ಮನಿಗೆ ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇನಲ್ಲಿ, ಆ 2.1 ಕಿಲೋಮೀಟರಿನ ಟ್ರ್ಯಾಕಿನಲ್ಲಿ, ಹೊಸಬರ ರೇಸಿಗೆ ಇಳಿಯುವ ಆಸೆ. ಕಾಕಾಗೆ ಮಾತ್ರ ಸುತರಾಂ ಇಷ್ಟವಿಲ್ಲ.

ಕಾಕಾ ಟ್ರ್ಯಾಕ್ಟರ್ ಮೆಕ್ಯಾನಿಕ್. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರಿನ ಸುತ್ತ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಸದ್ದು ನಿಲ್ಲಲ್ಲ, ಕಾಕಾನ ಶೆಡ್ಡಿನಲ್ಲಿ ಕೆಲಸವೂ ನಿಲ್ಲಲ್ಲ. "ರೋಡಿನಾಗ ಹೊಡಿಯೋದು ಸಾಲವಲ್ದಂತ, ಈಗ ರೇಸ್ ಬೇಕಂತ. ನೀನರ ಬುದ್ಧಿ ಹೇಳಬೇಕಿಲ್ಲೇನಪಾ?" ಎಂದು ನನ್ನನ್ನೇ ಕೇಳಿದರು. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಚೆನ್ನೈನ ಟ್ರ್ಯಾಕಿನಲ್ಲಿ ರೇಸ್ ನಡೆಯುವಾಗ ಬಿದ್ದು ತೀರಿಕೊಂಡ. ಆ ಸುದ್ದಿ ಕಾಕಾ ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ.

ಅದಕ್ಕೇ ತಮ್ಮನಿಗೆ ಮೊದಲೇ ಹೇಳಿದ್ದೆ: ಬೈಕಿನ ವೇಗ ಆಮೇಲೆ ನೋಡೋಣ, ಮೊದಲು ಬೋಲ್ಟು.

ಬಿಗಿ ಮಾಡಿದ ಬೋಲ್ಟು ತಾನಾಗಿ ಯಾಕೆ ಬಿಚ್ಚುತ್ತದೆ? ನಡುಕಕ್ಕೆ ಅಂತ ನಾವೆಲ್ಲ ಸುಮ್ಮನೆ ಹೇಳಿಬಿಡುತ್ತೇವೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಬೋಲ್ಟು ಹಿಡಿದಿರುವ ಎರಡು ಭಾಗಗಳು ಅಡ್ಡಡ್ಡವಾಗಿ ಕೂದಲೆಳೆಯಷ್ಟು ಜಾರಿದರೂ ಸಾಕು, ಮರೆಯ ಹಿಡಿತ ಕ್ಷಣಕಾಲ ತಪ್ಪುತ್ತದೆ. ಬೋಲ್ಟು ಚೂರೇ ಚೂರು ಹಿಂದಕ್ಕೆ ತಿರುಗುತ್ತದೆ. ಇದು ಸಾವಿರಾರು ಸಲ ನಡೆದರೆ ಬೋಲ್ಟು ಸಡಿಲ. ನಾವು ನಂಬಿಕೊಂಡಿರುವ ಸ್ಪ್ರಿಂಗ್ ವಾಷರ್ ಕೂಡ ಇದನ್ನು ಅಷ್ಟಾಗಿ ತಡೆಯಲ್ಲ.

ಮನೆಯಿಂದ ಆಫೀಸಿಗೆ ಓಡಿಸುವ ಬೈಕಿನಲ್ಲಿ ಹೀಗಾದರೆ ನೆಲದ ಮೇಲೆ ಎಣ್ಣೆ ಕಲೆ ಕಾಣುತ್ತದೆ, ಗ್ಯಾರೇಜಿಗೆ ಒಯ್ಯುತ್ತೇವೆ. ಟ್ರ್ಯಾಕಿನಲ್ಲಿ ಕಲೆ ನೋಡಲು ಯಾರೂ ನಿಲ್ಲಲ್ಲ. ಒಂದು ಟ್ರ್ಯಾಕ್ ದಿನ ನನ್ನ ಕಣ್ಣೆದುರೇ ನಡೆದದ್ದು ಇದು. ಯಾರದೋ ಬೈಕಿನಿಂದ ಎಣ್ಣೆ ಸುರಿಯಿತು. ಅವನಿಗೆ ಗೊತ್ತೂ ಆಗಲಿಲ್ಲ, ಏನೂ ಆಗಲಿಲ್ಲ. ಹಿಂದೆ ತಿರುವಿಗೆ ಬಂದ ಇಬ್ಬರು ಒಬ್ಬರ ಮೇಲೊಬ್ಬರು ಜಾರಿಬಿದ್ದರು. ಒಬ್ಬನ ಕಾಲರ್‌ಬೋನ್ ಮುರಿಯಿತು. ಹಳದಿ-ಕೆಂಪು ಪಟ್ಟೆಯ ಬಾವುಟ ಮೇಲೇರಿದ್ದು ಅವರು ಬಿದ್ದ ಮೇಲೆ. ಮುಂದೆ ರಸ್ತೆ ಜಾರುತ್ತದೆ ಎಂದು ಆ ಬಾವುಟದ ಅರ್ಥ.

ಅವತ್ತೇ ನನಗೆ ಈ ತಂತಿಯ ಲೆಕ್ಕ ಅರ್ಥವಾದದ್ದು. ಹೆಲ್ಮೆಟ್ಟು, ಲೆದರ್ ಸೂಟು ನಮಗಾಗಿ ಹಾಕಿಕೊಳ್ಳುವಂಥವು. ಡ್ರೈನ್ ಬೋಲ್ಟಿನ ತಂತಿ ನಮ್ಮ ಹಿಂದೆ ಬರುವವರಿಗಾಗಿ.

ಕೊರೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಡ್ರೈನ್ ಬೋಲ್ಟು ಮೆತ್ತಗಿರುತ್ತದೆ, ಬೇಗ ಮುಗಿಯಿತು. ಆದರೆ ಅಲೆನ್ ಬೋಲ್ಟುಗಳ ತಲೆಯ ಮೇಲೆ 12.9 ಅಂತ ಬರೆದಿರುತ್ತದಲ್ಲ, ಅವು ಕಲ್ಲಿನಂಥವು. ತಮ್ಮ ಕೈ ಡ್ರಿಲ್ಲಿನಲ್ಲೇ ಹಟ ಹಿಡಿದು ಒತ್ತಿ ಮೂರು ಬಿಟ್ಟು ಮುರಿದ. ಕೊನೆಗೆ ಬೋಲ್ಟುಗಳನ್ನೆಲ್ಲ ಡಬ್ಬಿಗೆ ಹಾಕಿಕೊಂಡು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದೆವು. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಗೆಳೆಯರ ಲೇತ್ ಅಂಗಡಿಯಲ್ಲಿ ನಿಲ್ಲಿಸುವ ಡ್ರಿಲ್ ಮೆಷಿನ್ ಇತ್ತು.

ಮಾವ ಬೋಲ್ಟನ್ನು ವೈಸಿನಲ್ಲಿ ಅಲುಗಾಡದಂತೆ ಹಿಡಿಸಿದರು. ಅರದಿಂದ ಸಣ್ಣದೊಂದು ಸಮತಟ್ಟು ಮಾಡಿ, ಸೆಂಟರ್ ಪಂಚ್ ಹೊಡೆದು, ಕೋಬಾಲ್ಟ್ ಬಿಟ್ ಹಾಕಿದರು. ಕೋಬಾಲ್ಟ್ ಬಿಟ್ಟು ಗಟ್ಟಿ ಉಕ್ಕನ್ನು ತಿನ್ನುತ್ತದೆ, ಆದರೆ ಬಾಗಲ್ಲ. ಕೈ ಚೂರು ವಾಲಿದರೆ ಪಟ್ಟನೆ ಮುರಿಯುತ್ತದೆ.

"ಒತ್ತಬ್ಯಾಡೋ ಅಳಿಯಾ. ಅದು ತಾನ ತಿನ್ಲಿ. ಎರಡು ಸುತ್ತಿಗೊಮ್ಮೆ ಹೊರಗ ತೆಗಿ, ಎಣ್ಣಿ ಬಿಡು. ಗಣಿಯಾಗ ಕಲ್ಲು ಕೊರಿಯುವಾಗ ನೀರು ಬಿಡ್ತಾರ, ಪುಡಿ ಹೊರಗ ಬರ್ಲಿ ಅಂತ. ಪುಡಿ ಒಳಗ ಉಳೀತಂದ್ರ ಬಿಟ್ ಸಿಕ್ಕೊಂತೈತಿ. ಕಲ್ಲಾದರೇನು, ಕಬ್ಬಿಣಾದರೇನು!"

ಹೀಗೆ ಒಂದೊಂದು ಬೋಲ್ಟಿಗೆ ಹತ್ತು ನಿಮಿಷ. ಡ್ರೈನ್ ಬೋಲ್ಟು, ಆಯಿಲ್ ಹಾಕುವ ಮುಚ್ಚಳ, ಆಯಿಲ್ ಫಿಲ್ಟರ್ ಮುಚ್ಚಳದ ಬೋಲ್ಟುಗಳು, ಬ್ರೇಕ್ ಕ್ಯಾಲಿಪರ್ ಬೋಲ್ಟುಗಳು. ಯಾವ್ಯಾವುದಕ್ಕೆ ತಂತಿ ಬೇಕೇಬೇಕು ಎಂಬುದು ಆಯಾ ರೇಸಿನ ನಿಯಮ ಪುಸ್ತಕದಲ್ಲಿ ಇರುತ್ತದೆ. ಮೊದಲು ಅದನ್ನು ಓದಿ, ಆಮೇಲೆ ಡ್ರಿಲ್ ಹಿಡಿಯಿರಿ.

ಕಟ್ಟುವುದಕ್ಕೂ ಒಂದು ಕ್ರಮ ಇದೆ. ಮೊದಲು ಬೋಲ್ಟನ್ನು ಕಂಪನಿ ಹೇಳಿದಷ್ಟೇ ಟಾರ್ಕಿಗೆ ಬಿಗಿ ಮಾಡಬೇಕು. ತೂತು ಸರಿಯಾದ ಕಡೆ ಬರಲಿಲ್ಲವೆಂದು ಇನ್ನಷ್ಟು ತಿರುವುವುದೂ ಇಲ್ಲ, ಸಡಿಲಿಸುವುದೂ ಇಲ್ಲ. ಬೇಕಾದರೆ ಇನ್ನೊಂದು ತೂತು ಕೊರೆಯಿರಿ. ಆಮೇಲೆ 0.8 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ತಂತಿ ತೂರಿಸಿ, ಇಂಚಿಗೆ ಆರರಿಂದ ಎಂಟು ಸುತ್ತಿನಂತೆ ಹೊಸೆಯಬೇಕು. ಜಾಸ್ತಿ ಹೊಸೆದರೆ ತಂತಿಯೇ ತುಂಡಾಗುತ್ತದೆ. ಬೋಲ್ಟು ಬಿಚ್ಚುವುದು ಎಡಕ್ಕೆ ತಿರುಗಿ, ಆದ್ದರಿಂದ ತಂತಿ ಅದನ್ನು ಬಲಕ್ಕೆ ಎಳೆದು ಹಿಡಿದಿರಬೇಕು. ಕೊನೆಯ ತುದಿಯನ್ನು ಒಳಕ್ಕೆ ಮಡಚಬೇಕು, ಇಲ್ಲದಿದ್ದರೆ ಯಾರದೋ ಬೆರಳು ಕೊಯ್ಯುತ್ತದೆ.

ತಂತಿ ಬೋಲ್ಟನ್ನು ಬಿಗಿ ಮಾಡಲ್ಲ, ಭಾರ ಹೊರಲ್ಲ. ಉದುರಿ ಹೋಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಜೊತೆಗೆ ಕಣ್ಣಿಗೆ ಕಾಣುತ್ತದೆ. ಬೋಲ್ಟಿಗೆ ಅಂಟು ಹಾಕಿದ್ದೇನೆ ಎಂದರೆ ನನ್ನ ಮಾತು ನಂಬಬೇಕು. ತಂತಿಯಾದರೆ ರೇಸಿಗೆ ಮುಂಚೆ ಬೈಕ್ ಪರೀಕ್ಷಿಸುವವರು ಟಾರ್ಚ್ ಹಾಕಿ ಎರಡು ಸೆಕೆಂಡಿನಲ್ಲಿ ನೋಡಿಬಿಡುತ್ತಾರೆ. ನಮ್ಮ ಆಫೀಸಿನಲ್ಲೂ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡದೆ ಮುಂದಕ್ಕೆ ಬಿಡಲ್ಲ. ಅಲ್ಲಿ ತಪ್ಪಾದರೆ ಆ್ಯಪ್ ನಿಲ್ಲುತ್ತದೆ, ಇಲ್ಲಿ ಮೂಳೆ ಮುರಿಯುತ್ತದೆ.

ಮಸ್ಕಿ ಅಂದರೆ ನಿಮಗೆ ಅಶೋಕನ ಶಾಸನ ನೆನಪಾಗಬಹುದು. ನನಗೆ ನೆನಪಾಗುವುದು ಅಲ್ಲಿ ಹತ್ತಿರದ ಹಳ್ಳಿಯಲ್ಲಿದ್ದ ಅಜ್ಜನ ಬಂಡಿ. ಅಜ್ಜ ಎತ್ತು ಹೂಡುವ ಮೊದಲು ಎರಡೂ ಗಾಲಿಯ ಕಡಾಣಿ ಮುಟ್ಟಿ ನೋಡುತ್ತಿದ್ದ. ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುವ ಆ ಕಬ್ಬಿಣದ ಮೊಳೆಗೆ ಪುಸ್ತಕದಲ್ಲಿ ಕಡೆಗೀಲು ಅಂತಾರೆ. ಅದೂ ಬಂಡಿ ಎಳೆಯಲ್ಲ, ಭಾರ ಹೊರಲ್ಲ. ಆದರೆ ಅದಿಲ್ಲದೆ ಬಂಡಿ ಮನೆ ಮುಟ್ಟಲ್ಲ.

ಎರಡನೇ ಭಾನುವಾರ ಕೆಲಸ ಮುಗಿಯಿತು. ಅಲ್ಲಿಯವರೆಗೆ ದೂರದಲ್ಲೇ ಕೂತಿದ್ದ ಕಾಕಾ ಎದ್ದು ಬಂದರು. ಅಜ್ಜನ ಮಗನಲ್ಲವೇ, ಒಂದೊಂದೇ ತಂತಿ ಬೆರಳಿನಿಂದ ಮುಟ್ಟುತ್ತ ಬಂದರು.

"ಇದೆಲ್ಲ ಕಟ್ಟಿದ್ರ ಅವ ಬೀಳಂಗಿಲ್ಲೇನು?"

"ಹಂಗೇನಿಲ್ಲ ಕಾಕಾ. ಅವ ಬೀಳಬಹುದು. ಅವನ ಗಾಡಿಯಿಂದ ಇನ್ನೊಬ್ರ ಮಗ ಬೀಳಬಾರ್ದು ಅಂತ ಇದು."

ಕಾಕಾ ಏನೂ ಅನ್ನಲಿಲ್ಲ. ಕ್ಯಾಲಿಪರ್ ಹತ್ತಿರ ಅವರ ಬೆರಳು ನಿಂತಿತು. ಅದನ್ನು ತಮ್ಮ ಕಟ್ಟಿದ್ದ. ಎರಡು ಬೋಲ್ಟುಗಳ ನಡುವೆ ತಂತಿ ಓರೆಯಾಗಿ ದಾಟಬೇಕಿತ್ತು, ನೆಟ್ಟಗೆ ಹೋಗಿತ್ತು. ಕೆಳಗಿನ ಬೋಲ್ಟನ್ನು ಬಿಚ್ಚುವ ಕಡೆಗೇ ಎಳೆಯುತ್ತಿತ್ತು.

"ಇದು ಉಲ್ಟಾ ಆಗೇದ. ಬಿಚ್ಚು, ಮತ್ತ ಕಟ್ಟು" ಎಂದು ಪ್ಲೈಯರ್ ತಾವೇ ಎತ್ತಿ ಕೊಟ್ಟರು. ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಕೊಯಮತ್ತೂರಿನಲ್ಲಿ ತಮ್ಮ ಹನ್ನೊಂದನೆಯವನಾಗಿ ಬಂದ. ಹಿಂದೆ ಆರು ಜನ ಇದ್ದರು, ಆರೂ ಜನ ಸುರಕ್ಷಿತವಾಗಿ ಗುರಿ ಮುಟ್ಟಿದರು. ಸಂಜೆ ಕಾಕಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಎಷ್ಟನೇ ನಂಬರ್ ಬಂತು ಎಂದು ಅವರು ಕೇಳಲೇ ಇಲ್ಲ.

"ನಟ್ಟು ಬೋಲ್ಟು ಎಲ್ಲಾ ಅದಾವಾ?"

"ಅದಾವಪ್ಪಾ. ಒಂದೂ ಅಲುಗಾಡಿಲ್ಲ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಹೇಳಿದರು: "ಮುಂದಿನ ಸಲ ತಂತಿ ಹೊಸಾದು ಹಾಕು. ಬಿಚ್ಚಿದ್ದ ತಂತಿ ತಿರುಗಿ ಕಟ್ಟಬ್ಯಾಡ."