ರಂಗನತಿಟ್ಟಿನಲ್ಲಿ ಮಿರರ್ ಲೆನ್ಸು

ಶ್ರೀರಂಗಪಟ್ಟಣ ದಾಟಿ ಗದ್ದೆಬಯಲಿನ ದಾರಿ ಹಿಡಿದಾಗ ಫೆಬ್ರವರಿಯ ಬಿಸಿಲು ಆಗಷ್ಟೇ ಏರುತ್ತಿತ್ತು. ರಂಗನತಿಟ್ಟಿಗೆ ಫೋಟೊ ತೆಗೆಯಲು ಬರುವ ಎಷ್ಟೋ ಮಂದಿಯ ಹೆಗಲ ಮೇಲೆ ಮೂರು ಕಿಲೋ ಮೀರಿದ ಲೆನ್ಸಿರುತ್ತದೆ. ನನ್ನ ಚೀಲದಲ್ಲಿದ್ದದ್ದು ಒಂದು ಕಿಲೋವೂ ತೂಗದ, ಹಳೆಯ ನಿಕಾನ್ 500 ಎಂ.ಎಂ. ಮಿರರ್ ಲೆನ್ಸು. ಒಳಗಿನ ಎರಡು ಕನ್ನಡಿಗಳು ಬೆಳಕನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವುದರಿಂದ ಕೊಳವೆ ಗಿಡ್ಡವಾಗುತ್ತದೆ. ಅಪರ್ಚರ್ ಎಫ್/8, ಬದಲಾಯಿಸುವಂತಿಲ್ಲ. ಫೋಕಸ್ ಕೈಯಲ್ಲೇ.

ಮುಂಗಾಜಿನ ನಡುವೆ ಕೂತ ಪುಟ್ಟ ಕನ್ನಡಿ ಬೆಳಕಿಗೆ ಅಡ್ಡ ನಿಲ್ಲುತ್ತದಲ್ಲ, ಹಾಗಾಗಿ ಮಸುಕಾದ ಹಿನ್ನೆಲೆಯ ಒಂದೊಂದು ಹೊಳಪೂ ಬಳೆಯಾಗಿ ಮೂಡುತ್ತದೆ. ಇದನ್ನು ದೋಷವೆಂದೇ ಎಣಿಸುವವರು ಬಹಳ. ನನಗೆ ಬೇಕಿದ್ದದ್ದು ಆ ಬಳೆಗಳೇ. ಅದಕ್ಕೆ ಎದುರುಬಿಸಿಲಲ್ಲಿ ಮಿನುಗುವ ನೀರು ಬೇಕು.

ದೋಣಿ ಹತ್ತಿದ ಮೇಲೆ, "ಅಣ್ಣಾ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸ್ತೀರಾ?" ಎಂದು ದೋಣಿಯವರನ್ನು ಕೇಳಿದೆ.

"ಎಲ್ರೂ ಬಿಸ್ಲು ಬೆನ್ನಿಗಿರ್ಲಿ ಅಂತಾರೆ, ನೀವೇನ್ ಸಾರ್ ಉಲ್ಟಾ ಹೇಳ್ತೀರಿ?" ಎನ್ನುತ್ತಲೇ ಅವರು ಹುಟ್ಟು ಒತ್ತಿ ದೋಣಿ ತಿರುಗಿಸಿದರು.

ಮರದ ಮೇಲಿನ ಬಣ್ಣದ ಕೊಕ್ಕರೆಗಳಿಗೆ ಈ ಲೆನ್ಸು ಒಗ್ಗಲಿಲ್ಲ. ಹಿಂದಿನ ಕಡ್ಡಿಕೊಂಬೆಗಳೆಲ್ಲ ಜೋಡಿಗೆರೆಗಳಾಗಿ ಕಣ್ಣಿಗೆ ಚುಚ್ಚಿದವು. ಮೊಸಳೆಯೂ ಅಷ್ಟೇ, ಬಂಡೆಯ ಬೂದಿಬಣ್ಣದಲ್ಲಿ ಕರಗಿಹೋಯಿತು.

ಆಮೇಲೆ ಸಿಕ್ಕಿತು ನದಿ ರೀವ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕಾಲಡಿ ಬೋಳುಬಂಡೆ, ಹಿಂದೆ ಇಡೀ ಕಾವೇರಿ. ದೋಣಿ ತೂಗುವಾಗ ಫೋಕಸ್ ಉಂಗುರ ತಿರುಗಿಸುತ್ತ ಕೂತರೆ ಆಗದು; ಉಂಗುರವನ್ನು ಒಂದೆಡೆ ಹಿಡಿದು, ದೋಣಿಯೇ ಹಕ್ಕಿಯನ್ನು ಫೋಕಸಿಗೆ ತರುವವರೆಗೆ ಕಾದೆ. ಶಟರ್ 1/1000ಕ್ಕೆ ಇಟ್ಟಿದ್ದೆ. ಪರದೆಯಲ್ಲಿ ಹಕ್ಕಿಯ ಸುತ್ತ ನೂರಾರು ಬೆಳ್ಳಿಬಳೆಗಳು, ಒಂದರ ಮೇಲೊಂದು.

ದೊಡ್ಡ ಲೆನ್ಸುಗಳು ಹಿನ್ನೆಲೆಯನ್ನು ನುಣ್ಣಗೆ ಒರೆಸಿಬಿಡುತ್ತವೆ. ಹಕ್ಕಿ ಎಲ್ಲಿಯದಾದರೂ ಆಗಿರಬಹುದು ಅನ್ನಿಸುತ್ತದೆ. ನದಿ ರೀವದ ವಿಷಯದಲ್ಲಿ ಅದು ನನಗೆ ಅನ್ಯಾಯವೆಂದೇ ತೋರುತ್ತದೆ. ಈ ಹಕ್ಕಿ ನದಿಯ ನಡುವಣ ಬಂಡೆ, ಮರಳಿನ ಮೇಲೆ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ, ನೀರು ಏರಿದರೆ ಗೂಡು ಹೋಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ಜಾಗ 2022ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ್ದು ಹಕ್ಕಿಗಳ ಜೊತೆಗೆ ನೀರಿಗಾಗಿಯೂ ಹೌದು.

ಕೊಕ್ಕರೆಗಳಿಗೆ ಬೇರೆ ಲೆನ್ಸು ಒಯ್ಯುತ್ತೇನೆ. ರೀವಕ್ಕೆ ಇದೇ ಸಾಕು. ಮರಿಗಳಾಗುವ ಹೊತ್ತಿಗೆ ಮತ್ತೆ ಬರುವುದಾಗಿ ದೋಣಿಯವರಿಗೆ ಹೇಳಿ ಬಂದಿದ್ದೇನೆ.